ಡೋಸ್ ಕಡಿಮೆ ಮಾಡಬೇಡಿ, ಚೀಟಿ ಚಿಕ್ಕದು ಮಾಡಿಸಿ

"ಡಾಕ್ಟ್ರು ಎರಡು ಹೊತ್ತು ತಗೊಳ್ಳಿ ಅಂದಿದಾರೆ. ನಾನು ಒಂದೇ ಹೊತ್ತು ತಗೋತಿದೀನಿ. ತಿಂಗಳು ಪೂರ್ತಿ ಬರಬೇಕಲ್ಲ!"

ಮೊನ್ನೆ ಅರಿಶಿನ ಕುಂಕುಮಕ್ಕೆ ಹೋದಾಗ ಗೆಳತಿ ಪಿಸುಮಾತಿನಲ್ಲಿ ಹೇಳಿದ್ದು ಇದು. ಕೈಯಲ್ಲಿದ್ದ ಕೋಸಂಬರಿಯನ್ನು ಅವಳು ಮುಟ್ಟಿಯೇ ಇರಲಿಲ್ಲ. ಮೂರು ವರ್ಷದಿಂದ ಅವಳಿಗೆ ಐಬಿಎಸ್. ತಿಂದದ್ದು ಹೊಟ್ಟೆಗೆ ಇಳಿಯುತ್ತಿದ್ದಂತೆ ಉಬ್ಬರ, ಹಿಡಿದು ಹಿಂಡುವ ನೋವು, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಬಸ್ಸು ಹತ್ತುವ ಮುಂಚೆ ಶೌಚಾಲಯ ಎಲ್ಲಿದೆ ಎಂದು ಯೋಚಿಸುವ ಬದುಕು.

ಅದೇ ಮನೆಯಲ್ಲಿ ಗಂಡನ ಬಿಪಿ ಮಾತ್ರೆ, ಅತ್ತೆಯ ಶುಗರ್ ಮಾತ್ರೆ ಒಂದನೇ ತಾರೀಕು ದಿನಸಿಯ ಜೊತೆಗೇ ಬಂದುಬಿಡುತ್ತವೆ. ಇವಳದ್ದು ಮಾತ್ರ "ನೋಡೋಣ". ಯಾರೂ ಬೇಡ ಅಂದಿಲ್ಲ. ತಾನೇ ಕತ್ತರಿ ಹಾಕಿಕೊಂಡಿದ್ದಾಳೆ. ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡುವುದಿಲ್ಲ?

ಐಬಿಎಸ್ ಎಂದರೆ ಕೆರಳುವ ಕರುಳು. ಇದರಲ್ಲಿ ಕರುಳಿಗೆ ಹುಣ್ಣಾಗಿರುವುದಿಲ್ಲ, ಗಡ್ಡೆ ಇರುವುದಿಲ್ಲ. ಸ್ಕ್ಯಾನಿನಲ್ಲೂ ಏನೂ ಕಾಣುವುದಿಲ್ಲ. ಹಾಗಾಗಿಯೇ ಮನೆಯವರು "ಎಲ್ಲ ಟೆನ್ಷನ್ನು ಅಷ್ಟೇ" ಎಂದು ಕೈ ತೊಳೆದುಕೊಳ್ಳುತ್ತಾರೆ. ಆದರೆ ನೋವು ಸುಳ್ಳಲ್ಲ. ಕರುಳಿಗೂ ಮಿದುಳಿಗೂ ನಡುವೆ ಓಡಾಡುವ ಸಂದೇಶಗಳಲ್ಲಿ ಏರುಪೇರಾಗಿ ಕರುಳು ಸಣ್ಣದಕ್ಕೂ ಮುನಿಸಿಕೊಳ್ಳುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ವರ್ಷಗಟ್ಟಲೆ ಜೊತೆಗಿರುವ ತೊಂದರೆಯಾದ್ದರಿಂದ ಔಷಧಿ ಖರ್ಚೂ ಮುಗಿಯುವುದಿಲ್ಲ.

ಉಳಿತಾಯ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಮಾತ್ರೆ ನುಂಗುವ ಹೊತ್ತಿನಲ್ಲಿ ಮಾಡಬೇಡಿ, ವೈದ್ಯರ ಮೇಜಿನ ಮುಂದೆ ಮಾಡಿ. ಅರ್ಧ ಡೋಸ್ ತೆಗೆದುಕೊಂಡರೆ ನೋವೂ ಹೋಗುವುದಿಲ್ಲ, ಕೊಟ್ಟ ದುಡ್ಡೂ ದಂಡ.

ಮೂರೇ ಪ್ರಶ್ನೆ

ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಔಷಧಿ ಚೀಟಿಯ ಮುಂದೆ ಬಾಯಿ ಬಿಡುವುದಿಲ್ಲ. "ಕೇಳಿದ್ರೆ ಡಾಕ್ಟ್ರು ಏನಂದ್ಕೋತಾರೋ" ಎಂಬ ಅಳುಕು. ಮುಂದಿನ ಸಲ ಈ ಮೂರನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಇದು ಯಾವುದಕ್ಕೆ? ಎಷ್ಟು ದಿನಕ್ಕೆ? ಇದರ ಬದಲು ಅಗ್ಗದ್ದು ಇದೆಯಾ?

ಗೆಳತಿಯ ಜೊತೆ ನಾನೂ ಹೋಗಿದ್ದೆ. ಚೀಟಿಯಲ್ಲಿ ಐದು ಬಗೆ ಇತ್ತು. ಪ್ರೊಬಯಾಟಿಕ್ ಕ್ಯಾಪ್ಸೂಲ್ ನೋಡಿ ವೈದ್ಯರೇ, "ಇದನ್ನ ಇನ್ನೂ ತಗೋತಿದೀರಾ? ಒಂದು ತಿಂಗಳಿಗೆ ಅಂತ ಬರೆದಿದ್ದು" ಎಂದರು. ಅವಳು ಎಂಟು ತಿಂಗಳಿಂದ ನುಂಗುತ್ತಿದ್ದಳು! ಅದನ್ನೂ ವಿಟಮಿನ್ ಮಾತ್ರೆಯನ್ನೂ ಹೊಡೆದು ಹಾಕಿದರು. ನೋವಿನ ಮಾತ್ರೆಯನ್ನು ಮಾತ್ರ ಸರಿಯಾಗಿ ಎರಡು ಹೊತ್ತೂ ತೆಗೆದುಕೊಳ್ಳಲು ಹೇಳಿದರು. ಬಿಟ್ಟದ್ದು ಯಾವುದನ್ನು, ಬಿಡಬೇಕಿದ್ದದ್ದು ಯಾವುದನ್ನು, ನೋಡಿ!

ನಿಮ್ಮ ಚೀಟಿಯಲ್ಲೂ ಇವು ಇರಬಹುದು:

* ಪ್ರೊಬಯಾಟಿಕ್: ಒಳ್ಳೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್. ಚೀಟಿಯಲ್ಲಿ ಹೆಚ್ಚಾಗಿ ದುಬಾರಿಯಾದದ್ದು ಇದೇ. ಆದರೆ ಐಬಿಎಸ್‌ಗೆ ಇದರಿಂದ ಲಾಭ ಖಚಿತವಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಸ್ಥೆಯ 2021ರ ಮಾರ್ಗಸೂಚಿ ಇದನ್ನು ಬೇಡವೆಂದೇ ಸೂಚಿಸಿದೆ. ನೀವು ತೆಗೆದುಕೊಳ್ಳುತ್ತಿದ್ದು, ಗುಣ ಕಾಣದಿದ್ದರೆ ನಿಲ್ಲಿಸಬಹುದಾ ಎಂದು ಕೇಳಿ.

* ರಿಫಾಕ್ಸಿಮಿನ್: ಭೇದಿ ಹೆಚ್ಚಿರುವವರಿಗೆ ಕೊಡುವ ದುಬಾರಿ ಆ್ಯಂಟಿಬಯಾಟಿಕ್. ಐಬಿಎಸ್‌ಗೆ ಸಾಮಾನ್ಯವಾಗಿ 14 ದಿನದ ಕೋರ್ಸ್, ತಿಂಗಳು ತಿಂಗಳೂ ನುಂಗುವುದಲ್ಲ. ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ. ಹಾಗೆಂದು ಅರ್ಧಕ್ಕೆ ನಿಲ್ಲಿಸಲೂಬೇಡಿ.

* ಗ್ಯಾಸ್ ಮಾತ್ರೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್‌ನಂಥವು. ಇವು ಆಮ್ಲ ಕಡಿಮೆ ಮಾಡಲು, ಎದೆಯುರಿಗೆ. ಕರುಳಿನ ಕೆರಳಿಕೆಗಲ್ಲ. ಎದೆಯುರಿ ಇಲ್ಲದಿದ್ದರೆ ಯಾಕೆ ಬೇಕು ಎಂದು ವಿಚಾರಿಸಿ. ಬೇರೆ ನೋವಿನ ಮಾತ್ರೆ ಅಥವಾ ರಕ್ತ ತೆಳುಮಾಡುವ ಔಷಧಿ ಇದ್ದರೆ ಕಾರಣವಿದ್ದೇ ಕೊಟ್ಟಿರುತ್ತಾರೆ, ನೀವಾಗಿ ಬಿಡಬೇಡಿ.

* ಹೊಟ್ಟೆ ಹಿಂಡುವ ನೋವಿನ ಮಾತ್ರೆ: ಮೆಬೆವೆರಿನ್‌ನಂಥವು. ಆರಾಮವಾದ ಮೇಲೂ ದಿನಾ ಬೇಕೇ, ನೋವು ಬಂದಾಗ ಮಾತ್ರ ಸಾಕೇ ಎಂದು ಕೇಳಿ.

ಅಗ್ಗದ್ದೆಲ್ಲ ಕಳಪೆಯಲ್ಲ

ದುಬಾರಿ ಔಷಧಿಯೇ ಒಳ್ಳೆಯದು ಎಂಬ ಭ್ರಮೆ ನಮ್ಮಲ್ಲಿದೆ. ಐಬಿಎಸ್ ವಿಷಯದಲ್ಲಿ ಇದು ಎಷ್ಟೋ ಸಲ ಉಲ್ಟಾ!

ಇಸಬ್‌ಗೋಲನ್ನೇ ನೋಡಿ. ಪ್ರೊಬಯಾಟಿಕ್ ಬೇಡವೆಂದ ಅದೇ ಮಾರ್ಗಸೂಚಿ, ಇಸಬ್‌ಗೋಲಿನಂಥ ನೀರಿನಲ್ಲಿ ಕರಗುವ ನಾರನ್ನು ಶಿಫಾರಸು ಮಾಡಿದೆ. ಇದನ್ನು ಬೆಳೆಯುವುದರಲ್ಲಿ ನಮ್ಮ ದೇಶವೇ ಮುಂದು. ಗುಜರಾತಿನ ಊಂಝಾ, ಸಿದ್ಧಪುರದ ಕಡೆಯಿಂದ ಊರೂರಿಗೆ ಹೋಗುತ್ತದೆ. ಕಿತ್ತಳೆ ಪರಿಮಳ, ಸಕ್ಕರೆ ಬೆರೆಸಿದ ಪುಟ್ಟ ಪೊಟ್ಟಣಗಳಿಗೆ ದುಡ್ಡು ಹೆಚ್ಚು. ಕೆಲಸ ಮಾಡುವುದು ಮಾತ್ರ ಒಳಗಿರುವ ಅದೇ ಹೊಟ್ಟು. ಸಾದಾ ಹೊಟ್ಟನ್ನೇ ತನ್ನಿ. ಅರ್ಧ ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ ಕುಡಿಯಿರಿ. ಒಮ್ಮೆಲೇ ಹೆಚ್ಚು ತೆಗೆದುಕೊಂಡರೆ ಉಬ್ಬರ ಜಾಸ್ತಿಯಾದೀತು. ಗೋಧಿ ತೌಡು ಇದಕ್ಕೆ ಬದಲಿಯಲ್ಲ, ಕೆಲವರಿಗೆ ಅದರಿಂದ ತೊಂದರೆ ಹೆಚ್ಚುತ್ತದೆ.

ಇನ್ನೊಂದು ಅಮಿಟ್ರಿಪ್ಟಿಲಿನ್. ಹಳೆಯ ಮಾತ್ರೆ, ಬೆಲೆಯೂ ಕಡಿಮೆ. ಖಿನ್ನತೆಗೆಂದು ಬಂದದ್ದಾದರೂ ಕಡಿಮೆ ಪ್ರಮಾಣದಲ್ಲಿ ಕರುಳಿನ ನೋವನ್ನು ತಣಿಸುತ್ತದೆ. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊದಲ ಹಂತದ ಚಿಕಿತ್ಸೆಯಿಂದ ಗುಣವಾಗದವರಿಗೆ ಇದರಿಂದ ಪ್ರಯೋಜನವಾಯಿತು. ಆದರೆ ಚೀಟಿಯಲ್ಲಿ ಇದನ್ನು ಕಂಡರೆ "ಅಯ್ಯೋ, ತಲೆ ಕೆಟ್ಟವರ ಮಾತ್ರೆ ಕೊಟ್ರು" ಎಂದು ಕಸದ ಬುಟ್ಟಿಗೆ ಹಾಕುವವರಿದ್ದಾರೆ. ಸಂಕೋಚಕ್ಕೆ ಅಗ್ಗದ ಔಷಧಿ ಬಿಟ್ಟು ದುಬಾರಿಯದರ ಹಿಂದೆ ಓಡುವುದು ಯಾವ ಜಾಣತನ? ಇದರಿಂದ ನಿದ್ದೆ ಮಂಪರು, ಬಾಯಿ ಒಣಗುವುದು, ಮಲಬದ್ಧತೆ ಆಗಬಹುದು. ಎಲ್ಲರಿಗೂ ಆಗಿಬರುವುದಿಲ್ಲ. ಆದ್ದರಿಂದ ವೈದ್ಯರು ಬರೆದರಷ್ಟೇ ತೆಗೆದುಕೊಳ್ಳಿ, ನಿಲ್ಲಿಸುವಾಗಲೂ ಅವರನ್ನು ಕೇಳಿಯೇ ನಿಲ್ಲಿಸಿ.

ಜೆನೆರಿಕ್ ಹೆಸರು ಬರೆಸಿಕೊಳ್ಳಿ

ಒಂದೇ ಔಷಧಿ ಹತ್ತು ಕಂಪನಿಯ ಹತ್ತು ಹೆಸರಿನಲ್ಲಿ, ಹತ್ತು ಬೆಲೆಗೆ ಸಿಗುತ್ತದೆ. ಆದರೆ ಚೀಟಿಯ ಮೇಲೆ ಮಾತ್ರ ಮಾರುವ ಇಂಥ ಔಷಧಿಗಳಲ್ಲಿ ವೈದ್ಯರು ಒಂದು ಬ್ರಾಂಡ್ ಬರೆದರೆ, ಮೆಡಿಕಲ್ ಶಾಪಿನವರು ತಾವಾಗಿ ಬೇರೆ ಕೊಡುವಂತಿಲ್ಲ. ಕಾನೂನೇ ಹಾಗಿದೆ. ಆದ್ದರಿಂದ "ಡಾಕ್ಟ್ರೇ, ಜೆನೆರಿಕ್ ಹೆಸರು ಬರೆದುಕೊಡಿ" ಎಂದು ಅಲ್ಲೇ ಕೇಳಬೇಕು. ಇದು ಉದ್ಧಟತನವಲ್ಲ. ವೈದ್ಯರ ವೃತ್ತಿ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿ ಜೆನೆರಿಕ್ ಹೆಸರನ್ನು ಓದಲು ಬರುವಂತೆ ಬರೆಯಬೇಕು ಎಂದೇ ಹೇಳುತ್ತದೆ.

ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ. 2008ರಲ್ಲಿ ಶುರುವಾದ ಯೋಜನೆ ಇದು. ಬ್ರಾಂಡ್ ಔಷಧಿಗಿಂತ ಶೇ 50ರಿಂದ 80ರಷ್ಟು ಅಗ್ಗ ಎನ್ನುತ್ತದೆ ಸರ್ಕಾರ. ಎಲ್ಲ ಔಷಧಿಯೂ ಎಲ್ಲ ಕೇಂದ್ರದಲ್ಲಿ ಇರುವುದಿಲ್ಲ, ಸುಮ್ಮನೆ ಆಟೋ ಖರ್ಚು ಯಾಕೆ? ಮೊಬೈಲಿನಲ್ಲಿ 'ಜನೌಷಧಿ ಸುಗಮ್' ಆ್ಯಪ್ ಹಾಕಿಕೊಂಡರೆ ಹತ್ತಿರದ ಕೇಂದ್ರ, ಔಷಧಿಯ ಬೆಲೆ ಎರಡೂ ಗೊತ್ತಾಗುತ್ತದೆ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಯಜಮಾನರಿಗೆ ಇಎಸ್ಐ ಇದ್ದರೆ ಆ ಸೌಲಭ್ಯ ನಿಮಗೂ ಉಂಟು, ಮರೆಯಬೇಡಿ.

ಹೊಸ ಮಾತ್ರೆ ಶುರು ಮಾಡುವಾಗ ತಿಂಗಳಿಗಾಗುವಷ್ಟು ಒಟ್ಟಿಗೇ ತರಬೇಡಿ. ಮೊದಲು ಹತ್ತು ದಿನಕ್ಕಾಗುವಷ್ಟು ತನ್ನಿ. ಆಗಿಬರದಿದ್ದರೆ ಉಳಿದ ಪಟ್ಟಿಗಳು ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಎಕ್ಸ್‌ಪೈರಿ ಆಗುವುದೊಂದೇ ಗತಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ, ನೋಡಿ.

ಅಡುಗೆಮನೆಯ ಪಾಲು

ಕರುಳಿಗೆ ಆಗದ್ದನ್ನು ತಿಂದು ಮಾತ್ರೆ ನುಂಗುತ್ತಿದ್ದರೆ ಖರ್ಚು ಇಳಿಯುವುದು ಹೇಗೆ? ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯವೊಂದಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳಂಥವನ್ನು ಕೆಲವು ವಾರ ಬಿಡುವುದು. ಆಮೇಲೆ ಒಂದೊಂದಾಗಿ ತಿಂದು ಯಾವುದು ಆಗುವುದಿಲ್ಲ ಎಂದು ಕಂಡುಕೊಳ್ಳುವುದು. ಇದು ಜೀವನಪೂರ್ತಿ ಉಪವಾಸವಲ್ಲ, ಪತ್ತೇದಾರಿ ಕೆಲಸ! ಆಹಾರ ತಜ್ಞರು ಸಿಕ್ಕರೆ ಅವರ ಸಲಹೆ ಪಡೆದೇ ಮಾಡಿ. ಬೆಳ್ಳುಳ್ಳಿ ಘಮ ಬೇಕೇ ಬೇಕೆಂದರೆ ಒಗ್ಗರಣೆ ಎಣ್ಣೆಯಲ್ಲಿ ಎಸಳು ಬಾಡಿಸಿ ಎಸಳನ್ನು ತೆಗೆದುಬಿಡಿ. ಅದರಲ್ಲಿ ಕರುಳನ್ನು ಕೆರಳಿಸುವ ಅಂಶ ಎಣ್ಣೆಗೆ ಇಳಿಯುವುದಿಲ್ಲ.

ಅವರೆಕಾಯಿ ಕಾಲದಲ್ಲಿ ಮನೆಮಂದಿಗೆಲ್ಲ ಹಿತಕಿದಬೇಳೆ ಸಾರು ಮಾಡಿ, ನೀವೂ ಅದನ್ನೇ ಉಂಡು ರಾತ್ರಿಯಿಡೀ ಹೊರಳಾಡಬೇಕಿಲ್ಲ. ನಿಮಗೊಂದು ತಿಳಿಸಾರು ಮಾಡಿಕೊಂಡರೆ ಅದು ಸ್ವಾರ್ಥವಲ್ಲ.

ಇಲ್ಲಿ ಮಾತ್ರ ಉಳಿತಾಯ ಬೇಡ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ "ನಂಗೆ ಐಬಿಎಸ್ಸೇ" ಎಂದು ಸುಮ್ಮನಿರಬೇಡಿ. ತಕ್ಷಣ ವೈದ್ಯರಿಗೆ ತೋರಿಸಿ, ಹೇಳಿದ ಪರೀಕ್ಷೆ ಮಾಡಿಸಿ. ಪಕ್ಕದ ಮನೆಯವರ ಮಾತ್ರೆಯನ್ನಂತೂ ಮುಟ್ಟಲೇಬೇಡಿ.

ಗೆಳತಿಯ ಚೀಟಿಯಲ್ಲಿ ಈಗ ಮೂರೇ ಸಾಲು. ನೋವು ಪೂರ್ತಿ ಹೋಗಿಲ್ಲ, ಆದರೆ ಮಾತ್ರೆ ಎರಡು ಹೊತ್ತೂ ತಪ್ಪುತ್ತಿಲ್ಲ. ಈ ತಿಂಗಳು ದಿನಸಿ ಪಟ್ಟಿ ಬರೆಯುವಾಗ, ಬೇಳೆ, ಎಣ್ಣೆ, ಯಜಮಾನರ ಮಾತ್ರೆ, ಅತ್ತೆಯ ಮಾತ್ರೆ ಎಲ್ಲ ಆದ ಮೇಲೆ ಕೊನೆಗೆ "ನನ್ನ ಮಾತ್ರೆ" ಎಂದೂ ಸೇರಿಸಿ. ಕೊನೆಗೇ ಯಾಕೆ, ಮೊದಲೇ ಬರೆಯಿರಿ!