ಸ್ಟೇಟಸ್‌ಗೆ ಮಾತ್ರ ಡಿವಿಜಿ (ಭಾಗ 3)

ಫೋಟೋಲಿರೋದು ವೀರನಹೊಸಹಳ್ಳಿ ಬಸ್‌ಸ್ಟಾಪ್, ಬೆಳಿಗ್ಗೆ ಏಳು ಗಂಟೆ. ಹುಣಸೂರಿಗೆ ಹೋಗೋ ಬಸ್ ಕಾಯ್ತಾ ವಾಟ್ಸಾಪ್ ತೆಗೆದ್ರೆ ಸಾಲಾಗಿ ಕಗ್ಗ. ಸೂರ್ಯೋದಯದ ಫೋಟೋ, ಮೇಲೆ ನಾಲ್ಕು ಸಾಲು, ಕೆಳಗೆ ಕೈ ಮುಗಿದ ಇಮೋಜಿ.

ಓದಿ, ಬೇಡ ಅನ್ನಲ್ಲ. ಆದ್ರೆ ಬರೆದವರು ಯಾರು ಅಂತ ನಮ್ಮ ಕ್ಲಾಸಲ್ಲಿ ಕೇಳಿ ನೋಡಿ. 'ಯಾರೋ ಸ್ವಾಮೀಜಿ ಅಲ್ವಾ?' ಅಂದ ಒಬ್ಬ. ಗುರು, ಅವರು ಪತ್ರಕರ್ತ!

ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಹೊಟ್ಟೆಪಾಡಿಗೆ ಸೋಡಾ ಫ್ಯಾಕ್ಟರಿಯಲ್ಲೂ ದುಡಿದ್ರು. ಆಮೇಲೆ ಹಿಡಿದಿದ್ದು ಪತ್ರಿಕೆ. ಅದೂ ಎಂಥಾ ಕಾಲ? 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿಗೆ ಬೀಗ ಹಾಕೋ ಕಾನೂನು ತಂದಿತ್ತು. ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರಾಗಿದ್ದ ತಾತಯ್ಯ, ಅಂದ್ರೆ ಎಂ. ವೆಂಕಟಕೃಷ್ಣಯ್ಯನವರು, ಅದನ್ನ ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ರು. (ತಾತಯ್ಯ ಅಂದ್ರೆ ಮೈಸೂರಲ್ಲಿ ನಮಗೆ ಪ್ರತಿಮೆ ಅಷ್ಟೇ.) ಅಂಥ ಕಾಲದಲ್ಲಿ ಡಿವಿಜಿ 'ಕರ್ನಾಟಕ' ಅನ್ನೋ ಇಂಗ್ಲಿಷ್ ಪತ್ರಿಕೆ ಕಟ್ಟಿದ್ರು. 1928ರಲ್ಲಿ 'ವೃತ್ತಪತ್ರಿಕೆ' ಅಂತ ಪುಸ್ತಕಾನೇ ಬರೆದ್ರು. ಕಗ್ಗ ಬಂದಿದ್ದು 1943ರಲ್ಲಿ, ಅಷ್ಟೂ ವರ್ಷ ಸಾರ್ವಜನಿಕ ವಿಷಯಕ್ಕೆ ತಲೆ ಕೆಡಿಸಿಕೊಂಡಾದ ಮೇಲೆ. 1945ರಲ್ಲಿ ಮತ್ತೆ ಗೋಖಲೆ ಸಂಸ್ಥೆ ಶುರು ಮಾಡಿದ್ರು. 1970ರಲ್ಲಿ ಜನ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯೀನೂ ಅದಕ್ಕೇ ಕೊಟ್ರು. ಬಿಕಾಂನವರೇ, 1970ರ ಲಕ್ಷ ಅಂದ್ರೆ ಇವತ್ತಿಗೆ ಎಷ್ಟು, ಲೆಕ್ಕ ಹಾಕ್ಕೊಳ್ಳಿ.

ಈಗ ನನ್ನ ಸಿಟ್ಟಿನ ವಿಷಯ. ಹೋದ ತಿಂಗಳು ಕಾಲೇಜಿನ ಟಾಯ್ಲೆಟ್‌ನಲ್ಲಿ ನೀರಿಲ್ಲ ಅಂತ ಒಣಗಿದ ನಲ್ಲಿ ಫೋಟೋ ಸ್ಟೋರಿಗೆ ಹಾಕ್ದೆ. ಅರ್ಧ ಗಂಟೇಲಿ ದೊಡ್ಡವರೊಬ್ಬರ ಮೆಸೇಜ್: 'ಡಿಲೀಟ್ ಮಾಡು, ಹೆಸರು ಹಾಳಾಗುತ್ತೆ.' ಮಾಡಿದೆ. ಇಂಟರ್ನಲ್ ಮಾರ್ಕ್ಸ್ ನೆನಪಾಯ್ತು, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಅವರ ಸ್ಟೇಟಸ್‌ನಲ್ಲಿ ಏನಿತ್ತು ಹೇಳಿ? ಕಗ್ಗ.

'ಕಗ್ಗಾನೂ ಹೊಂದಿಕೊಂಡು ಹೋಗು ಅಂತಾನೇ ಹೇಳುತ್ತಲ್ಲ' ಅಂತ ಕಾಮೆಂಟ್ ಹಾಕ್ತೀರ, ಗೊತ್ತು. ಹೌದು, ಹೇಳುತ್ತೆ. ಡಿವಿಜಿ ಹೆಂಡತೀನ ಬೇಗ ಕಳ್ಕೊಂಡವರು, ಮತ್ತೆ ಮದುವೆ ಆಗಲಿಲ್ಲ. ಅಂಥ ದುಃಖದ ಜೊತೆ ಹೊಂದಿಕೊಳ್ಳೋದು ಬೇರೆ, ನೀರಿಲ್ಲದ ನಲ್ಲಿ ಜೊತೆ ಹೊಂದಿಕೊಳ್ಳೋದು ಬೇರೆ ಕಣ್ರೋ. ಸಾವಿಗೆ ಅರ್ಜಿ ಬರೆಯೋಕಾಗಲ್ಲ, ನಲ್ಲಿಗೆ ಬರೀಬಹುದು. ಜೀವನವೆಲ್ಲ ಸರ್ಕಾರಕ್ಕೆ ಪ್ರಶ್ನೆ ಬರೆದ ಮನುಷ್ಯನ ಪದ್ಯಾನ ಹುಡುಗರ ಬಾಯಿಗೆ ಪ್ಲಾಸ್ಟರ್ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?

ನಲ್ಲಿ ಇನ್ನೂ ಹಾಗೇ ಇದೆ. ಡಿಲೀಟ್ ಮಾಡಿದ ಫೋಟೋ ಮುಂದಿನ ಸ್ಲೈಡ್‌ನಲ್ಲಿದೆ, ಸ್ವೈಪ್ ಮಾಡಿ. ಅರ್ಜಿ ನಾಳೆ ಕೊಡ್ತಿದ್ದೀನಿ, ಸೈನ್ ಹಾಕೋರು ಮೊದಲ ಪಿರಿಯಡ್‌ಗೆ ಮುಂಚೆ ಸಿಗಿ. ಆನೆ ದಾರಿಗೆ ಬರದಿದ್ರೆ ನಾನು ಟೈಮಿಗೆ ಇರ್ತೀನಿ.