ಹುಲ್ಲುಹಾಸಿಗೂ ಇರಲಿ ನೀರಿನ ಲೆಕ್ಕ

ಮುಂಗಾರು ಹಿಂದೆ ಸರಿದು ಆಕಾಶ ತಿಳಿಯಾಗುವ ಶರದೃತು ಬಂತೆಂದರೆ ಬೆಂಗಳೂರಿನಲ್ಲಿ ಹುಲ್ಲುಹಾಸಿನ ಮಾತು ಆರಂಭವಾಗುತ್ತದೆ. ದಸರಾ, ದೀಪಾವಳಿಗಳ ನಡುವಣ ವಾರಗಳಲ್ಲಿ ಹೊಸ ಮನೆಗಳ ಅಂಗಳಕ್ಕೂ ವಸತಿ ಸಮುಚ್ಚಯಗಳ ಆವರಣಕ್ಕೂ ಚದರಡಿಯ ಲೆಕ್ಕದಲ್ಲಿ ಖರೀದಿಸಿದ ಹುಲ್ಲು ಬಂದಿಳಿಯುವುದನ್ನು ಕಾಣಬಹುದು. ಮಣ್ಣು ಹದವಾಗಿದೆ, ಬಿಸಿಲು ಹಿತವಾಗಿದೆ, ಹಿಂಗಾರಿನ ಕೆಲವು ಮಳೆ ಇನ್ನೂ ಬಾಕಿ ಇದೆ. ಹುಲ್ಲು ನೆಡಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಒಳಿತು.

ಶರತ್ಕಾಲದಲ್ಲಿ ಹುಲ್ಲು ಬಿತ್ತಬೇಕೆಂಬ ಉಪದೇಶ ಇಂಗ್ಲೆಂಡಿನಂತಹ ತಂಪು ದೇಶಗಳದು. ಅಲ್ಲಿ ಬೆಳೆಯುವ ರೈ, ಫೆಸ್ಕ್ಯೂ, ಬ್ಲೂಗ್ರಾಸ್ ಮೊದಲಾದ ತಳಿಗಳು ತಂಪನ್ನು ಬಯಸುವಂಥವು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಣ್ಣಿನಲ್ಲಿ ಬೇಸಿಗೆಯ ಬಿಸಿ ಉಳಿದಿರುತ್ತದೆ, ಗಾಳಿ ತಂಪಾಗಿರುತ್ತದೆ, ಕಳೆಗಳ ಕಾಟ ತಗ್ಗಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮುಂದೆ ಬರುವುದು ತೇವ ತುಂಬಿದ ತಿಂಗಳುಗಳು. ಬೀಜ ಮೊಳೆತು ಬೇರಿಳಿದ ಹುಲ್ಲಿಗೆ ಮನುಷ್ಯ ನೀರೆರೆಯಬೇಕಾದ ಪ್ರಮೇಯ ಬರುವುದು ಅಪರೂಪ. ಆ ಹವೆಗೆ ಆ ಪಂಚಾಂಗ ಸರಿಯಾಗಿಯೇ ಇದೆ.

ನಮ್ಮಲ್ಲಿ ಋತುಚಕ್ರದ ಲೆಕ್ಕವೇ ಬೇರೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಧಾರಾಳವಾಗಿ ಸುರಿಯುವ ಮಳೆ ಡಿಸೆಂಬರ್‌ನ ವೇಳೆಗೆ ಬಹುತೇಕ ನಿಂತುಬಿಡುತ್ತದೆ. ಬಳಿಕ ನೆಲಕ್ಕೆ ಲೆಕ್ಕಕ್ಕೆ ಬರುವಂತಹ ಮಳೆ ಬೀಳುವುದು ಏಪ್ರಿಲ್ ಕಡೆಗೆ. ನಾವು ನೆಡುವ ಹುಲ್ಲಾದರೂ ಸೆಕೆಯಲ್ಲಿ ಚಿಗುರುವ ಜಾತಿಯದು. ಚಳಿಯ ದಿನಗಳಲ್ಲಿ ಅದು ನಿಧಾನವಾಗಿ ಹಬ್ಬುತ್ತದೆ. ಅಕ್ಟೋಬರ್ ಕೊನೆಯಲ್ಲಿ ನೆಟ್ಟ ಹುಲ್ಲು ಆಳಕ್ಕೆ ಬೇರು ಬಿಡುವ ಮೊದಲೇ ಮಳೆ ಮುಗಿದಿರುತ್ತದೆ. ಹಸುಗೂಸನ್ನು ಸಾಕಿದಂತೆ ಅದನ್ನು ಬೇಸಿಗೆಯುದ್ದಕ್ಕೂ ಸಾಕಬೇಕಾಗುತ್ತದೆ.

ಈ ಸಾಕಣೆಯ ವೆಚ್ಚವೆಷ್ಟು? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಒಣಹವೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಬೇಕೆಂದು ಇಟ್ಟುಕೊಂಡರೂ 100 ಚದರ ಮೀಟರ್ ಜಾಗಕ್ಕೆ ದಿನವೊಂದಕ್ಕೆ 400 ಲೀಟರ್ ಆಗುತ್ತದೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಒದಗಬೇಕೆಂಬುದು ಸರ್ಕಾರಿ ಮಾನದಂಡ. ಅಂದರೆ ಎರಡು ಕಾರು ನಿಲ್ಲಿಸುವ ಜಾಗಕ್ಕಿಂತ ತುಸು ಹೆಚ್ಚು ವಿಸ್ತಾರದ ಹುಲ್ಲು ಒಬ್ಬ ಮನುಷ್ಯನ ಪಾಲನ್ನು ಕುಡಿಯುತ್ತದೆ. 100 ಚದರ ಮೀಟರ್ ಹುಲ್ಲು ಮೂವರ ಪಾಲನ್ನು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಐದು ತಿಂಗಳಿಗೆ ಇದು ಸುಮಾರು 60 ಸಾವಿರ ಲೀಟರ್, ಎಂದರೆ ಆರು ಸಾವಿರ ಲೀಟರಿನ ಹತ್ತು ಟ್ಯಾಂಕರ್.

ಈ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ನೆನೆಯಬೇಕು. ಕಾವೇರಿ ಈ ನಗರಕ್ಕೆ ತಾನಾಗಿ ಹರಿದು ಬಂದವಳಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಲ್ಲಿ ಪಂಪ್ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಆಕೆಯನ್ನು ಏರಿಗೆ ಎತ್ತಿ ತರಲಾಗುತ್ತಿದೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ ₹5,000 ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಅದೇ ಆದೇಶ ಮತ್ತೆ ಹೊರಬಿತ್ತು. ಈ ಎರಡು ಆದೇಶಗಳ ನಡುವೆ, 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿತ್ತು ಎಂಬುದು ಗಮನಾರ್ಹ. ನದಿಯನ್ನು ಇನ್ನಷ್ಟು ಎಳೆದು ತಂದ ಮಾತ್ರಕ್ಕೆ ಮಿತವ್ಯಯದ ಅಗತ್ಯ ತೀರಿಹೋಗಲಿಲ್ಲ.

ನಾನು ವಾಸಿಸುವ ವಸತಿ ಸಮುಚ್ಚಯದ ಸಭೆಯಲ್ಲಿ ಹೊಸ ಹುಲ್ಲುಹಾಸಿನ ಪ್ರಸ್ತಾವ ಬಂದಾಗ ಈ ಲೆಕ್ಕವನ್ನು ಮುಂದಿಟ್ಟೆ. ‘ಹಸಿರಿಗೂ ಲೆಕ್ಕ ಕೇಳುವುದೇ ಸ್ವಾಮಿ? ಎಲ್ಲ ಕಡೆ ಕಾಂಕ್ರೀಟ್ ಸುರಿದಿದ್ದೇವೆ, ಮಕ್ಕಳು ಎಲ್ಲಿ ಆಡಬೇಕು?’ ಎಂದು ಹಿರಿಯರೊಬ್ಬರು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹುಲ್ಲು ಧೂಳನ್ನು ತಡೆಯುತ್ತದೆ, ಮಣ್ಣನ್ನು ಹಿಡಿದಿಡುತ್ತದೆ, ಮಳೆನೀರು ನೆಲಕ್ಕಿಳಿಯಲು ದಾರಿ ಮಾಡಿಕೊಡುತ್ತದೆ. ಸಿಮೆಂಟ್ ಹಾಸಿನ ಅಂಗಳಕ್ಕಿಂತ ಹುಲ್ಲಿನ ಅಂಗಳ ನಿಶ್ಚಯವಾಗಿಯೂ ಮೇಲು. ಆದುದರಿಂದ ಹುಲ್ಲು ಬೇಕೆ ಬೇಡವೆ ಎಂಬುದು ನನ್ನ ಪ್ರಶ್ನೆಯಲ್ಲ. ಯಾವ ಹುಲ್ಲು, ಎಷ್ಟು ಹುಲ್ಲು, ಯಾವಾಗ ಮತ್ತು ಯಾವ ನೀರಿನಿಂದ ಎಂಬುದಷ್ಟೇ ಪ್ರಶ್ನೆ.

ಶುದ್ಧೀಕರಿಸಿದ ಕೊಳಚೆ ನೀರಿದೆಯಲ್ಲ ಎಂಬ ಉತ್ತರ ದೊಡ್ಡ ಸಮುಚ್ಚಯಗಳಲ್ಲಿ ಸಿದ್ಧವಾಗಿರುತ್ತದೆ. ಘಟಕವು ಸರಿಯಾಗಿ ನಡೆಯುತ್ತಿದ್ದರೆ ಅದು ಸರಿಯಾದ ಉತ್ತರವೇ. ಆದರೆ ಆ ನೀರಿಗೆ ಶೌಚಾಲಯದ ಬಳಕೆ ಮೊದಲ ಹಕ್ಕುದಾರ; ಅಲ್ಲಿ ಉಪಯೋಗಿಸಿದಷ್ಟೂ ಕಾವೇರಿ ನೀರು ಉಳಿಯುತ್ತದೆ. ಬಳಿಕ ನೆರಳು ಕೊಡುವ ಮರಗಳು. ಹುಲ್ಲಿನ ಸರದಿ ಕೊನೆಯದು. ಕೊಳವೆ ಬಾವಿ ನಮ್ಮ ಸ್ವಂತದ್ದು ಎಂಬ ವಾದವಂತೂ ನಿಲ್ಲುವುದಿಲ್ಲ. ಬಾವಿಯ ಬಾಯಿ ನಮ್ಮ ಆವರಣದಲ್ಲಿರಬಹುದು, ಅಂತರ್ಜಲಕ್ಕೆ ಕಾಂಪೌಂಡ್ ಗೋಡೆಯಿಲ್ಲ. ನಮ್ಮ ಹುಲ್ಲು ಹಸಿರಾಗಿರಲೆಂದು ಎತ್ತಿದ ನೀರು ಪಕ್ಕದ ಬೀದಿಯ ವಠಾರದವರ ನೀರೂ ಹೌದು. ಅವರ ಬಾವಿ ಬತ್ತಿದಾಗ ಟ್ಯಾಂಕರ್ ತರಿಸುವ ಶಕ್ತಿ ಅವರಿಗಿರುವುದಿಲ್ಲ.

ಹಾಗಾದರೆ ಯಾವ ಹುಲ್ಲು? ಪರಿಹಾರ ನಮ್ಮ ಕಾಲ ಕೆಳಗೇ ಇದೆ. ನರ್ಸರಿಗಳಲ್ಲಿ ‘ಬರ್ಮುಡಾ ಗ್ರಾಸ್’ ಎಂಬ ಹೆಸರಿನಲ್ಲಿ ಕೇಳಿಬರುವುದು ಮೂಲತಃ ಬರ್ಮುಡಾ ದ್ವೀಪದ್ದಲ್ಲ; ಗಣೇಶನಿಗೆ ಇಪ್ಪತ್ತೊಂದು ಎಣಿಸಿ ಏರಿಸುವ ಗರಿಕೆಯೇ ಅದು. ಹೊಲದಲ್ಲಿ ರೈತನನ್ನು ಕಾಡುವ ಇದರ ಹಟಮಾರಿತನವೇ ಅಂಗಳದಲ್ಲಿ ಗುಣವಾಗುತ್ತದೆ. ಗಿಣ್ಣು ಗಿಣ್ಣಿನಲ್ಲೂ ಬೇರು ಬಿಟ್ಟು ಹಬ್ಬುವ ಗರಿಕೆ, ಒಮ್ಮೆ ನೆಲೆನಿಂತ ಮೇಲೆ ಬರವನ್ನು ಸಹಿಸುತ್ತದೆ. ನೀರಿಲ್ಲದಾಗ ಮೇಲ್ಗಡೆ ಒಣಗಿ ಕಂದುಬಣ್ಣಕ್ಕೆ ತಿರುಗಿದರೂ ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಇದಕ್ಕೆ ಧಾರಾಳ ಬಿಸಿಲು ಬೇಕು. ಕಟ್ಟಡದ ನೆರಳಿನಲ್ಲಿ ಇದನ್ನು ನೆಡುವುದು ವ್ಯರ್ಥ.

ಗರಿಕೆಯನ್ನು ಜೂನ್‌ನಲ್ಲಿ, ಮುಂಗಾರು ಹಿಡಿದ ಮೇಲೆ ನೆಟ್ಟರೆ ಬೇರೂರಲು ನಾಲ್ಕೈದು ತಿಂಗಳ ಮಳೆ ಸಿಗುತ್ತದೆ. ಶರದೃತುವನ್ನು ಸಿದ್ಧತೆಗೆ ಬಳಸಿಕೊಳ್ಳಬಹುದು: ಮಣ್ಣು ಪರೀಕ್ಷೆ, ಗೊಬ್ಬರದ ಗುಂಡಿ, ಮಳೆನೀರಿನ ಇಂಗುಗುಂಡಿ, ಮಕ್ಕಳು ನಿಜವಾಗಿಯೂ ಆಡುವ ಜಾಗದ ಗುರುತು. ನೋಡುವುದಕ್ಕಷ್ಟೇ ಇರುವ, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ಹೊತ್ತ ಹಾಸುಗಳನ್ನು ಬಿಟ್ಟು, ಆ ಜಾಗಕ್ಕೆ ಹೊಂಗೆ, ಬೇವುಗಳನ್ನು ಕೊಟ್ಟರೆ ನೆರಳಾದರೂ ದಕ್ಕುತ್ತದೆ. ಹುಲ್ಲು ನೆಡುವ ಯಾವುದೇ ಪ್ರಸ್ತಾವದ ಜೊತೆಗೆ, ಬೇಸಿಗೆಯ ಐದು ತಿಂಗಳು ಅದಕ್ಕೆ ನೀರು ಎಲ್ಲಿಂದ ಎಂಬ ಒಂದು ಪುಟದ ಲೆಕ್ಕವನ್ನು ನಿವಾಸಿಗಳ ಸಂಘಗಳು ಕಡ್ಡಾಯ ಮಾಡಿಕೊಳ್ಳಬೇಕು. ಉದ್ಯಾನಗಳ ಹೊಣೆ ಹೊತ್ತ ಸಾರ್ವಜನಿಕ ಸಂಸ್ಥೆಗಳೂ ಇದೇ ನಿಯಮಕ್ಕೆ ಬದ್ಧವಾಗಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಲ್ಲವರು ಹೇಳಿದ್ದಾರೆ. ಈ ನಗರದ ಮಟ್ಟಿಗೆ ಆ ಹಾಸಿಗೆ ನೀರೇ. ವರ್ಷದ ಹನ್ನೆರಡು ತಿಂಗಳೂ ಅಂಗಳ ಪಚ್ಚೆಯಾಗಿರಬೇಕೆಂಬ ಹಟವನ್ನು ಬಿಟ್ಟರೆ ಹುಲ್ಲಿಗೂ ಮನುಷ್ಯರಿಗೂ ಇಲ್ಲಿ ಜಾಗವಿದೆ. ಮಾರ್ಚ್ ತಿಂಗಳಿನಲ್ಲಿ ಕಂದಿದ ಗರಿಕೆಯನ್ನು ಕಂಡು ನಾಚಬೇಕಾಗಿಲ್ಲ. ನೀರಿಗಾಗಿ ಬಿಂದಿಗೆಗಳ ಸಾಲು ನಿಂತಿರುವ ಊರಿನಲ್ಲಿ, ಅದೇ ತಿಂಗಳು ಹಸಿರಾಗಿ ಮಿರುಗುವ ಹಾಸು ನಮ್ಮನ್ನು ನಾಚಿಸಬೇಕು.