ಮಡಿ ಬೇರೆ, ಶುಚಿ ಬೇರೆ

ಸ್ವಾಮಿ, ಮೊದಲು ಒಂದು ಮಾತು ಇತ್ಯರ್ಥವಾಗಲಿ. ಮಡಿ ಬೇರೆ, ಶುಚಿ ಬೇರೆ. ತಲೆತಲಾಂತರದಿಂದ ಮಡಿಯನ್ನೇ ಶುಚಿ ಅಂತ ನಂಬಿಸಿ ನಮ್ಮನ್ನು ಊರಾಚೆ ಇಟ್ಟಿರಿ. ಈಗ ಅದೇ ಮಡಿ ಅಂಗನವಾಡಿಯ ಹೊಸ್ತಿಲು ದಾಟಿ ಮೂರು ವರ್ಷದ ಕೂಸಿನ ತಟ್ಟೆಗೆ ಕೈ ಹಾಕಿದೆ.

ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅರ್ಧ ಶತಮಾನ ಕಳೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 33 ಮಕ್ಕಳಿಗೆ ತಕ್ಕ ತೂಕ ಇಲ್ಲ. ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಕೂಸುಗಳಿಗೆ ರಕ್ತಹೀನತೆ. ಇಡೀ ದೇಶದ ಲೆಕ್ಕದಲ್ಲಿ ಬೆಳವಣಿಗೆ ಹೆಚ್ಚು ಕುಂಠಿತವಾಗಿರುವುದು ದಲಿತ, ಆದಿವಾಸಿ ಮಕ್ಕಳಲ್ಲೇ. ಇದು ಹಣೆಬರಹ ಅಂತೀರಾ? ಇದನ್ನು ಬರೆದ ಕೈಗಳಿವೆ.

ಮೊಟ್ಟೆಯ ವಿಷಯಕ್ಕೆ ಬನ್ನಿ. ಕೂಸಿನ ಹೊಟ್ಟೆ ಚಿಕ್ಕದು. ಬರೀ ಅನ್ನ, ನೀರುಸಾರು ತುಂಬಿದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯೋದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಉಂಟು. ಗಿಡಮರಗಳಿಂದ ಸಿಗದ ಬಿ12 ಉಂಟು. ಹಾಲಿಗೆ ನೀರು ಬೆರೆಸಬಹುದು, ಬೇಳೆಗೆ ಬೆರೆಸಬಹುದು. ಮೊಟ್ಟೆಗೆ ಬೆರೆಸಿ ನೋಡೋಣ! 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಸಿಡಿದೆದ್ದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಯಾರೂ ತುರುಕಲಿಲ್ಲ. ಆದರೂ ಪಕ್ಕದ ತಟ್ಟೆಯಲ್ಲಿ ಮೊಟ್ಟೆ ಕಂಡರೆ ಮಕ್ಕಳಲ್ಲಿ ಭೇದಭಾವ ಬರುತ್ತದಂತೆ! ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ, ಊಟಕ್ಕೆ ಬೇರೆ ಸಾಲು ಹಾಕಿದಾಗ ಈ ಚಿಂತೆ ಎಲ್ಲಿ ಮಲಗಿತ್ತು?

ಇನ್ನು ಶುಚಿ. ಕೇರಿಯ ಹೆಂಗಸು ಒಲೆ ಹಚ್ಚಿದರೆ ಮಗುವಿನ ಕೈ ಹಿಡಿದು ಎಳಕೊಂಡು ಹೋಗುವವರು ಇವತ್ತೂ ಇದ್ದಾರೆ. ಅವರು ಕೇಳಬೇಕಾದ ಪ್ರಶ್ನೆಯೇ ಬೇರೆ. ಅಡುಗೆಗೆ ಮುಂಚೆ, ಕಕ್ಕಸಿಗೆ ಹೋಗಿಬಂದ ಮೇಲೆ ಕೈ ತೊಳೆಯೋಕೆ ಸೋಪು ಇದೆಯಾ? ನಲ್ಲಿಯಲ್ಲಿ ನೀರು ಬರುತ್ತಾ? ಕುಡಿಯುವ ನೀರಿನ ಪಾತ್ರೆಗೆ, ಅಂಗಳದ ಸಂಪಿಗೆ ಮುಚ್ಚಳ ಇದೆಯಾ? ಭೇದಿಯ ಕ್ರಿಮಿ ಜಾತಿ ಕೇಳಿ ಒಳಗೆ ಬರುವುದಿಲ್ಲ. ಮತ್ತೆ ಮತ್ತೆ ಭೇದಿಯಾದರೆ ತಿಂದದ್ದು ಮೈಗೆ ಹತ್ತದು. ಮೈ ಬಡವಾದರೆ ರೋಗಕ್ಕೆ ಬಾಗಿಲು ತೆರೆದಂತೆ. ಆಗ ಬೇಕಾದ್ದು ಓಆರ್‌ಎಸ್ ಪೊಟ್ಟಣ, 14 ದಿನ ಜಿಂಕ್ ಮಾತ್ರೆ, ನಿಲ್ಲಿಸದ ಎದೆಹಾಲು. ತಾಯಿತವಲ್ಲ, ತೀರ್ಥವಲ್ಲ. ಆರು ತಿಂಗಳು ದಾಟಿದ ಕೂಸಿನ ತೋಳಿಗೆ ಸುತ್ತಿದ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಅದು ತೀವ್ರ ಅಪೌಷ್ಟಿಕತೆ. ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಪಟ್ಟಿಗೆ ಅಗ್ರಹಾರ ಯಾವುದು, ಹೊಲಗೇರಿ ಯಾವುದು ಗೊತ್ತಿಲ್ಲ.

ನಮ್ಮವ್ವ ಕಳೆ ಕೀಳೋಕೆ ಹೋಗುವಾಗ ಬದುವಿನ ಮರಕ್ಕೆ ಹಳೇ ಸೀರೆ ಕಟ್ಟಿ ನನ್ನನ್ನು ಅದರಲ್ಲಿ ಮಲಗಿಸುತ್ತಿದ್ದಳು. ಅಂಗನವಾಡಿ ಊರೊಳಗೆ ಗುಡಿಯ ಪಕ್ಕದಲ್ಲಿತ್ತು. ಅಲ್ಲಿಗೆ ನಮ್ಮ ಕೇರಿಯ ಕಾಲು ಹೋಗುತ್ತಿರಲಿಲ್ಲ. ದಲಿತ, ಆದಿವಾಸಿ ವಸತಿಗಳಿಗೆ ಆದ್ಯತೆ ಕೊಟ್ಟು ಅಂಗನವಾಡಿ ತೆರೆಯಿರಿ ಅಂತ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಕೋರ್ಟಿನ ಕಾಗದ ದಿಲ್ಲಿಯಿಂದ ಹೊರಟು ಕೇರಿ ಮುಟ್ಟೋಕೆ ಎಷ್ಟು ತಲೆಮಾರು ಬೇಕು?

ಕೂಸುಗಳನ್ನು ಕಾಯುವ ಕಾರ್ಯಕರ್ತೆಗೆ, ಸಹಾಯಕಿಗೆ ಸರ್ಕಾರ ಕೊಡುವುದು ಸಂಬಳವಲ್ಲ, 'ಗೌರವಧನ'. ಹೊಟ್ಟೆಗೆ ಸಾಲದ ಗೌರವ! ಗ್ರಾಚ್ಯುಟಿ ಇವರಿಗೂ ಸಲ್ಲಬೇಕು ಅಂತ ಹೇಳೋಕೆ 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ತೂಕ ನೋಡು, ಅಡುಗೆ ನೋಡು, ಸಮೀಕ್ಷೆ ಮಾಡು, ಚುನಾವಣೆ ಕೆಲಸಕ್ಕೂ ಬಾ. ಇಷ್ಟರ ನಡುವೆ ಅವಳು ಕೂಸಿನ ಮುಖ ನೋಡೋದು ಯಾವಾಗ?

ನಾವು ದಾನ ಕೇಳುತ್ತಿಲ್ಲ. 2013ರ ಆಹಾರ ಭದ್ರತಾ ಕಾಯಿದೆ ಈ ಊಟವನ್ನು ಮಗುವಿನ ಹಕ್ಕು ಮಾಡಿದೆ. ಕೇರಿಯೊಳಗೇ ಅಂಗನವಾಡಿ ಬೇಕು. ತಿನ್ನುವ ಮಗುವಿಗೆ ದಿನಾ ಮೊಟ್ಟೆ ಬೇಕು. ನಲ್ಲಿ, ಕಕ್ಕಸು, ಸರಿಯಾದ ತಕ್ಕಡಿ ಬೇಕು. ದುಡಿಯುವವಳಿಗೆ ಸಂಬಳ ಬೇಕು.

ನಿಮ್ಮ ಮಡಿ ನಿಮ್ಮ ದೇವರಮನೆಯಲ್ಲಿರಲಿ. ಅಂಗನವಾಡಿಗೆ ಸೋಪು ಬರಲಿ.